ಎರಡು ಔನ್ಸ್ ಲೆಕ್ಕ

ಹದಿನೇಳನೇ ಶತಮಾನದಲ್ಲಿ ಬ್ರಸೆಲ್ಸ್ ಕಡೆ ಯಾನ್ ಬಾಪ್ಟಿಸ್ಟ್ ವಾನ್ ಹೆಲ್ಮಾಂಟ್ ಅಂತ ಒಬ್ಬ ವೈದ್ಯ ಇದ್ದ. ಗಿಡ ಏನು ತಿಂದು ಬೆಳೆಯುತ್ತೆ ಅನ್ನೋ ಪ್ರಶ್ನೆ ಅವನ ತಲೆ ಹೊಕ್ಕಿತ್ತು. ಮಣ್ಣು ತಿಂದೇ ಬೆಳೆಯುತ್ತೆ ಅನ್ನೋದು ಹಿಂದಿನಿಂದ ಬಂದ ನಂಬಿಕೆ. ಈತ ಬರೀ ಮಾತಿಗೆ ಬಗ್ಗೋ ಆಸಾಮಿ ಅಲ್ಲ. 200 ಪೌಂಡ್ ಮಣ್ಣನ್ನ ಒಲೆಯಲ್ಲಿ ಒಣಗಿಸಿ, ತೂಗಿ, ಕುಂಡಕ್ಕೆ ತುಂಬಿದ. 5 ಪೌಂಡ್ ತೂಗುವ ಒಂದು ವಿಲೋ ಸಸಿ ನೆಟ್ಟ. ಕ್ರಿಕೆಟ್ ಬ್ಯಾಟ್ ಮಾಡ್ತಾರಲ್ಲ, ಆ ಜಾತಿಯ ಮರ. ಧೂಳು ಬೀಳದ ಹಾಗೆ ತೂತು ಹೊಡೆದ ತಗಡು ಮುಚ್ಚಿದ. ಐದು ವರ್ಷ ಮಳೆನೀರು, ಮಳೆ ಇಲ್ಲದಾಗ ಬಟ್ಟಿ ಇಳಿಸಿದ ನೀರು, ಇಷ್ಟು ಬಿಟ್ಟು ಬೇರೇನೂ ಹಾಕಲಿಲ್ಲ.

ಐದು ವರ್ಷ ಆದಮೇಲೆ ಕಿತ್ತು ತೂಗಿದರೆ ಮರ 169 ಪೌಂಡು ಚಿಲ್ಲರೆ. ಮಣ್ಣನ್ನ ಮತ್ತೆ ಒಣಗಿಸಿ ತೂಗಿದ. 200 ಪೌಂಡಿಗೆ ಸುಮಾರು 2 ಔನ್ಸ್ ಕಮ್ಮಿ. ನಮ್ಮ ಲೆಕ್ಕದಲ್ಲಿ 57 ಗ್ರಾಂ, ಒಂದು ಹಿಡಿ ಕೂಡ ಆಗಲ್ಲ. ಹಾಗಾದರೆ ಈ 164 ಪೌಂಡ್ ಕಟ್ಟಿಗೆ, ತೊಗಟೆ, ಬೇರು ಎಲ್ಲಾ ಬರೀ ನೀರಿನಿಂದಲೇ ಆದದ್ದು ಅಂತ ತೀರ್ಮಾನಿಸಿದ. ಅವನು ತೀರಿಕೊಂಡಮೇಲೆ, 1648ರಲ್ಲಿ, ಮಗ ಅಪ್ಪನ ಬರಹಗಳನ್ನೆಲ್ಲ ಸೇರಿಸಿ ಅಚ್ಚು ಹಾಕಿಸಿದಾಗ ಈ ಪ್ರಯೋಗ ಲೋಕಕ್ಕೆ ಗೊತ್ತಾಯ್ತು.

ತಮಾಷೆ ಏನಂದ್ರೆ 'ಗ್ಯಾಸ್' ಅನ್ನೋ ಪದವನ್ನ ಹುಟ್ಟಿಸಿದ್ದೇ ಈ ಮನುಷ್ಯ. ಇದ್ದಿಲು ಸುಟ್ಟಾಗ ಬರೋ ಗಾಳಿಗೆ ಒಂದು ಹೆಸರನ್ನೂ ಇಟ್ಟಿದ್ದ. ಅದೇ ಗಾಳಿ, ನಾವು ಇವತ್ತು ಕಾರ್ಬನ್ ಡೈಆಕ್ಸೈಡ್ ಅಂತೀವಲ್ಲ, ಅವನ ಮರದ ಮೈ ಕಟ್ಟಿತ್ತು. ಅದು ಅವನಿಗೆ ಹೊಳೀಲಿಲ್ಲ. ಹೋಗಲಿ, ಆ ಕಾಲಕ್ಕೆ ಯಾರಿಗೂ ಹೊಳೀತಿರಲಿಲ್ಲ. ನನ್ನನ್ನ ಕಾಡೋದು ಆ ಎರಡು ಔನ್ಸ್. ಕಣ್ಣೆದುರಿಗೆ ತಕ್ಕಡಿ ತೋರಿಸಿತ್ತು, ಪ್ರಾಮಾಣಿಕವಾಗಿ ಬರೆದೂ ಇಟ್ಟ, ಆದರೆ ಲೆಕ್ಕಕ್ಕೆ ಹಿಡೀಲಿಲ್ಲ. ನಮ್ಮ ಆಫೀಸಿನ ಡ್ಯಾಶ್‌ಬೋರ್ಡಿನಲ್ಲೂ ಅಷ್ಟು ಚಿಕ್ಕ ವ್ಯತ್ಯಾಸ ಕಂಡರೆ 'ನಾಯ್ಸ್' ಅಂದು ಮುಂದೆ ಹೋಗ್ತೀವಿ.

ಆ ಎರಡು ಔನ್ಸ್ ಇಲ್ಲದಿದ್ದರೆ ಆ ಮರವೇ ಇರ್ತಿರಲಿಲ್ಲ.

ಹಳ್ಳಿಯಲ್ಲಿ ಬೆಳೆದವರಿಗೆ ಈ ಎರಡು ಔನ್ಸ್ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಒಲೆಯ ಬೂದಿ. ಒಂದು ಹೊರೆ ತೊಗರಿಕಡ್ಡಿ ಉರಿಸಿದರೆ ಕೊನೆಗೆ ಉಳಿಯೋದು ಎರಡು ಹಿಡಿ ಬೂದಿ. ಗಾಳಿಯಿಂದ, ನೀರಿನಿಂದ ಬಂದದ್ದು ಹೊಗೆಯಾಗಿ, ಆವಿಯಾಗಿ ವಾಪಸ್ ಹೋಗುತ್ತೆ. ಮಣ್ಣು ಕೊಟ್ಟದ್ದು ಬೂದಿಯಾಗಿ ಉಳಿಯುತ್ತೆ. ಸಾರಜನಕ ಮತ್ತೆ ಗಂಧಕದ ಬಹುಪಾಲು ಮಾತ್ರ ಹೊಗೆ ಜೊತೆ ಓಡಿಹೋಗುತ್ತೆ, ಉಳಿದದ್ದು ಹೆಚ್ಚುಕಮ್ಮಿ ಅಲ್ಲೇ ಇರುತ್ತೆ. ಪೊಟ್ಯಾಷಿಯಂ ಅನ್ನೋ ಹೆಸರೇ ಮಡಕೆಯ ಬೂದಿ ಅನ್ನೋ ಅರ್ಥದ ಪದದಿಂದ ಬಂದದ್ದು. 1807ರಲ್ಲಿ ಹಂಫ್ರಿ ಡೇವಿ ಆ ಬೂದಿಸಾರಕ್ಕೆ ಕರೆಂಟು ಹಾಯಿಸಿ ಲೋಹ ಬೇರ್ಪಡಿಸಿದ. ನಮ್ಮಜ್ಜಿ ಡೇವಿಯ ಹೆಸರು ಕೇಳಿದವರಲ್ಲ. ಪಾತ್ರೆ ತಿಕ್ಕಿ ಉಳಿದ ಬೂದಿಯನ್ನ ತಪ್ಪದೆ ತಿಪ್ಪೆಗೆ ಸುರೀತಿದ್ದರು, ಅಷ್ಟೇ.

ಈಗ ಪಟ್ಟಿ ಗೊತ್ತು. ಗಿಡಕ್ಕೆ ಬೇಕೇಬೇಕಾದ ಧಾತುಗಳು 17. ಅದರಲ್ಲಿ ಇಂಗಾಲ, ಜಲಜನಕ, ಆಮ್ಲಜನಕ ಮೂರು ಗಾಳಿ, ನೀರಿನ ಲೆಕ್ಕ. ಉಳಿದ 14 ಬೇರಿನ ಮೂಲಕ ಬರಬೇಕು. ಸಾರಜನಕ, ರಂಜಕ, ಪೊಟ್ಯಾಷ್ ಎಲ್ಲರಿಗೂ ಗೊತ್ತು. ಸತು, ಬೋರಾನ್, ಮಾಲಿಬ್ಡಿನಂ ಥರದವು ಪಟ್ಟಿಯ ಕೊನೆಯಲ್ಲಿ ಕೂತಿರ್ತಾವೆ. ಮಾಲಿಬ್ಡಿನಂ ಒಂದು ಟನ್ ಒಣ ಗಿಡದಲ್ಲಿ 0.1 ಗ್ರಾಂ ಇದ್ದರೆ ಸಾಕು. ಆದರೆ ಅದು ಇಲ್ಲದಿದ್ದರೆ ಗಿಡ ಹೀರಿಕೊಂಡ ನೈಟ್ರೇಟನ್ನ ಬಳಸೋಕೇ ಆಗಲ್ಲ. ಪಟ್ಟಿಗೆ ಕೊನೆಗೆ ಸೇರಿದ್ದು ನಿಕ್ಕಲ್, 1987ರಲ್ಲಿ.

ಇಲ್ಲೊಂದು ಪ್ರಶ್ನೆ ಬರುತ್ತೆ. 'ಬೇಕೇಬೇಕು' ಅಂತ ಯಾರು ಹೇಳೋದು, ಯಾವ ಆಧಾರದ ಮೇಲೆ? ಗಿಡದೊಳಗೆ ಹುಡುಕಿದರೆ ಅಲ್ಯೂಮಿನಿಯಂ ಸಿಗುತ್ತೆ, ಸೀಸವೂ ಸಿಗಬಹುದು. ಒಳಗಿದೆ ಅಂದಮಾತ್ರಕ್ಕೆ ಬೇಕು ಅಂತಲ್ಲ. (ನಮ್ಮ ಕಾರ್ಟಿನಲ್ಲಿರೋದೆಲ್ಲ ನಮಗೆ ಬೇಕಾ?) 1939ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಆರ್ನನ್ ಮತ್ತು ಸ್ಟೌಟ್ ಅನ್ನೋ ಇಬ್ಬರು ಮೂರು ಷರತ್ತು ಹಾಕಿದರು. ಒಂದು, ಅದು ಇಲ್ಲದೆ ಗಿಡ ತನ್ನ ಬಾಳನ್ನ ಪೂರೈಸೋಕೆ ಆಗಬಾರದು, ಅಂದರೆ ಬೀಜದಿಂದ ಬೀಜದವರೆಗೆ ಹೋಗಬಾರದು. ಎರಡು, ಅದರ ಕೊರತೆಯನ್ನ ಅದೇ ತುಂಬಬೇಕು, ಬೇರೆ ಯಾವುದೂ ಅದರ ಜಾಗದಲ್ಲಿ ನಿಲ್ಲಬಾರದು. ಮೂರು, ಅದು ನೇರವಾಗಿ ಗಿಡದೊಳಗಿನ ಕೆಲಸದಲ್ಲಿ ಕೈ ಹಾಕಿರಬೇಕು, ಮಣ್ಣನ್ನ ಹದ ಮಾಡಿಯೋ ಇನ್ನೇನೋ ಮಾಡಿಯೋ ಪಕ್ಕದಿಂದ ಸಹಾಯ ಮಾಡೋದಲ್ಲ.

ಮೂರು ವಾಕ್ಯ. 'ಬೇಕು' ಅನ್ನೋದಕ್ಕೆ ಇಷ್ಟು ಬಿಗಿಯಾದ ವ್ಯಾಖ್ಯೆಯನ್ನ ನಾನು ಯಾವ ತತ್ವಶಾಸ್ತ್ರದ ಪುಸ್ತಕದಲ್ಲೂ ನೋಡಿಲ್ಲ. ಓದಿರೋದು ಕಮ್ಮಿ, ಒಪ್ಪಿದೆ. ಎರಡನೇ ಷರತ್ತಿನ ಹತ್ತಿರ ಮಾತ್ರ ನಾನು ಹೋದ ವರ್ಷದಿಂದ ಸಿಕ್ಕಿಹಾಕಿಕೊಂಡಿದ್ದೀನಿ.

ನಮ್ಮೂರು ಚಳ್ಳಕೆರೆ ಕಡೆ. ಎಣ್ಣೆ ಮಿಲ್ಲುಗಳ ಊರು, ಕಡಲೆಕಾಯಿ ಸೀಮೆ. ಮಳೆ ಕಣ್ಣಾಮುಚ್ಚಾಲೆ ಆಡೋ ಜಾಗ. ನಾನು ಬಿ.ಇ. ಮುಗಿಸಿ ಬೆಂಗಳೂರಿಗೆ ಬಂದಮೇಲೆ ಪ್ರತಿ ತಿಂಗಳು ಮನೆಗೆ ದುಡ್ಡು ಕಳಿಸ್ತೀನಿ. ಅದರಲ್ಲೊಂದು ಪಾಲು ಹೊಲಕ್ಕೆ. ಅಪ್ಪ ಅದರಲ್ಲಿ ಡಿಎಪಿ ತರ್ತಾರೆ, ಯೂರಿಯಾ ತರ್ತಾರೆ. ಯೂರಿಯಾ ಮೂಟೆಗೆ ಸರ್ಕಾರದ ಸಬ್ಸಿಡಿ ಕಳೆದು 300 ರೂಪಾಯಿಗೂ ಕಮ್ಮಿ. ಅಷ್ಟು ಅಗ್ಗಕ್ಕೆ ಸಿಕ್ಕರೆ ಯಾರು ಬಿಡ್ತಾರೆ? ಆದರೂ ನಾಲ್ಕೈದು ವರ್ಷದಿಂದ ಗಿಡ ಹಚ್ಚಗೆ ಎದ್ದು ನಿಲ್ಲುತ್ತೆ, ಕಿತ್ತು ನೋಡಿದರೆ ಅರ್ಧ ಕಾಯಿ ಜೊಳ್ಳು. ಹೋದ ವರ್ಷ ಫೋನಿನಲ್ಲಿ ಅಪ್ಪ ಅಂದರು: "ಗೊಬ್ಬರ ಹಾಕೀವಲ್ಲಪ್ಪ, ಇನ್ನೇನು ಬೇಕಂತೆ ಅದ್ಕೆ?"

ಬೇಜಾರಿನಲ್ಲಿ ಆಡಿದ ಮಾತು. ಆದರೆ ನನ್ನ ಕಿವಿಗೆ ಅದು ಹೊಲದ ಬಗ್ಗೆ ಮಾತ್ರ ಅಂತ ಕೇಳಲಿಲ್ಲ. ದುಡ್ಡು ಕಳಿಸ್ತಿದ್ದೀನಲ್ಲ, ಇನ್ನೇನು ಬೇಕು ಅನ್ನೋ ಪ್ರಶ್ನೆಯನ್ನ ನಾವು, ಈ ಬೆಂಗಳೂರಿನ ಪಿಜಿ, ಫ್ಲಾಟುಗಳಲ್ಲಿರೋ ಊರಿನ ಮಕ್ಕಳು, ಬಾಯಿಬಿಟ್ಟು ಕೇಳಲ್ಲ, ಒಳಗೊಳಗೇ ಕೇಳಿಕೊಳ್ತೀವಿ. ಒಂದು ಋಣವನ್ನ ಬೇರೆ ನಾಣ್ಯದಲ್ಲಿ ತೀರಿಸಬಹುದಾ ಅನ್ನೋದೇ ಅದರ ಹಿಂದಿರೋ ಪ್ರಶ್ನೆ.

ಗಿಡದ ಮಟ್ಟಿಗೆ ಉತ್ತರ ಸ್ಪಷ್ಟ: ಆಗಲ್ಲ. ಜರ್ಮನಿಯ ಕಾರ್ಲ್ ಸ್ಪ್ರೆಂಗೆಲ್ 1828ರ ಹೊತ್ತಿಗೇ ಹೇಳಿದ್ದ, ಆಮೇಲೆ ಯೂಸ್ಟಸ್ ಲೀಬಿಗ್ ಅದನ್ನ ಜಗತ್ತಿಗೆಲ್ಲ ಸಾರಿದ. ಬೆಳೆ ಎಷ್ಟು ಬರುತ್ತೆ ಅನ್ನೋದನ್ನ ತೀರ್ಮಾನಿಸೋದು ಯಾವುದು ಹೆಚ್ಚಿದೆ ಅನ್ನೋದಲ್ಲ, ಬೇಕಾದದ್ದಕ್ಕೆ ಹೋಲಿಸಿದರೆ ಯಾವುದು ಎಲ್ಲಕ್ಕಿಂತ ಕಮ್ಮಿ ಇದೆ ಅನ್ನೋದು. ಸರ್ವರ್ ನಿಧಾನ ಇರೋದು ಡಿಸ್ಕಿನಿಂದ ಅಂದರೆ ಎಷ್ಟು ರ್‍ಯಾಮ್ ಹಾಕಿದರೂ ಅಷ್ಟೇ. ಇದು ನಮಗೆಲ್ಲ ಗೊತ್ತಿರೋ ವಿಷಯ, ಆದರೂ ಮ್ಯಾನೇಜರ್ ರ್‍ಯಾಮೇ ಹಾಕಿಸ್ತಾರೆ, ಯಾಕಂದ್ರೆ ಬಜೆಟ್ ಇರೋದು ಅದಕ್ಕೆ. ಹೊಲದಲ್ಲಿ ಇನ್ನೂ ಕಷ್ಟ. ಸತು ಕಮ್ಮಿ ಇರೋ ಕಡೆ ರಂಜಕ ಸುರಿದರೆ ಇರೋ ಸತು ಕೂಡ ಬೇರಿಗೆ ಸಿಗೋದು ಕಷ್ಟವಾಗುತ್ತೆ. ಒಳ್ಳೇ ಮನಸ್ಸಿನಿಂದ ಕೊಟ್ಟದ್ದೇ ಅಡ್ಡಿಯಾಗುತ್ತೆ.

ಡಿಎಪಿ ಕಥೆ ಇನ್ನೂ ಸ್ವಾರಸ್ಯ. ಮುಂಚೆ ನಮ್ಮ ಕಡೆ ಸೂಪರ್ ಫಾಸ್ಫೇಟ್ ಹಾಕ್ತಿದ್ದರು. ರಂಜಕ ಬರೀ 16 ಪರ್ಸೆಂಟು, ಮೂಟೆ ಹೊರೋಕೆ ಭಾರ, ಸಾಗಿಸೋಕೆ ಖರ್ಚು. ಡಿಎಪಿ ಬಂತು, ರಂಜಕ 46, ಜೊತೆಗೆ ಸಾರಜನಕ 18. ಯಾರಾದರೂ ಡಿಎಪಿಯನ್ನೇ ತಗೋತಾರೆ. ಆದರೆ ಹಳೇ ಸೂಪರ್ ಫಾಸ್ಫೇಟಿನ ಮೂಟೆಯಲ್ಲಿ ಲೇಬಲ್ಲಿನ ದೊಡ್ಡ ಅಕ್ಷರದಲ್ಲಿ ಇಲ್ಲದ್ದು ಎರಡಿತ್ತು: ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ, ಮತ್ತೆ ಗಂಧಕ. ಕಡಲೆಕಾಯಿಗೆ ಅವೆರಡೂ ಬೇಕೇಬೇಕು. ಡಿಎಪಿಯಲ್ಲಿ ಎರಡೂ ಇಲ್ಲ. ಕೇಳದೇ ಸಿಗ್ತಿದ್ದದ್ದು ಸಿಗೋದು ನಿಂತಾಗ ನಿಂತಿದೆ ಅಂತ ಕೂಡ ಗೊತ್ತಾಗಲ್ಲ, ಯಾಕಂದ್ರೆ ಅದು ಸಿಗ್ತಿದೆ ಅಂತಲೇ ಗೊತ್ತಿರಲಿಲ್ಲ. 2009ರಲ್ಲಿ ನಮ್ಮ ರಾಜ್ಯ ಸರ್ಕಾರ ಇಕ್ರಿಸ್ಯಾಟ್ ಜೊತೆ ಸೇರಿ 'ಭೂಚೇತನ' ಶುರುಮಾಡಿ ಖುಷ್ಕಿ ಜಮೀನುಗಳ ಮಣ್ಣು ಪರೀಕ್ಷೆ ಮಾಡಿಸಿದಾಗ ಜಿಲ್ಲೆಯಿಂದ ಜಿಲ್ಲೆಗೆ ಅವೇ ಹೆಸರು ಬಂದವು: ಗಂಧಕ, ಸತು, ಬೋರಾನ್.

ಹಾಗಂತ 'ಅಜ್ಜನ ಕಾಲದ ಮಣ್ಣು ಬಂಗಾರ, ನಾವು ಹಾಳು ಮಾಡಿದ್ವಿ' ಅನ್ನೋ ವಾಟ್ಸ್ಯಾಪ್ ರಾಗಕ್ಕೆ ನಾನು ತಾಳ ಹಾಕಲ್ಲ. ಉತ್ತರಾಖಂಡದ ತರಾಯಿ ಸೀಮೆಯಲ್ಲಿ 1960ರ ದಶಕದಲ್ಲಿ ಭತ್ತದ ಎಲೆ ತುಕ್ಕು ಹಿಡಿದ ಹಾಗೆ ಕಂದಾಗಿ ಪೈರು ಕುಗ್ಗಿಹೋಗ್ತಿತ್ತು. ಖೈರಾ ಅಂತ ಅದಕ್ಕೆ ಹೆಸರು. ಅದು ರೋಗವೇ ಅಲ್ಲ, ಸತುವಿನ ಕೊರತೆ ಅಂತ ಪಂತನಗರದ ವಿಜ್ಞಾನಿ ವೈ.ಎಲ್. ನೆನೆ 1966ರಲ್ಲಿ ತೋರಿಸಿದರು. ಜಿಂಕ್ ಸಲ್ಫೇಟನ್ನ ಸುಣ್ಣದ ಜೊತೆ ಕಲಸಿ ಸಿಂಪಡಿಸಿದರೆ ಪೈರು ಚೇತರಿಸಿಕೊಳ್ತು. ಮಣ್ಣಲ್ಲಿ ಸತು ಒಂದೇ ರಾತ್ರಿಗೆ ಖಾಲಿಯಾಗಿರಲಿಲ್ಲ. ಎಕರೆಗೆ ನಾಲ್ಕು ಚೀಲ ಕೇಳೋವಾಗ ಸಾಕಾಗೋದು ಹದಿನೈದು ಚೀಲ ಕೇಳೋವಾಗ ಸಾಕಾಗಲ್ಲ. ಅಂದರೆ ಕೊರತೆ ಅನ್ನೋದು ಮಣ್ಣಿನ ಗುಣ ಮಾತ್ರ ಅಲ್ಲ, ನಾವು ಅದರ ಹತ್ತಿರ ಏನು ಕೇಳ್ತಿದ್ದೀವಿ ಅನ್ನೋದರ ಮೇಲೂ ನಿಂತಿದೆ. ನಮ್ಮಜ್ಜಿಯ ಕಾಲದ ಹೊಲ ಅವರ ಒಂದು ಹೊಟ್ಟೆಗೆ ಸಾಕಾಗ್ತಿತ್ತೋ ಇಲ್ಲವೋ, ನನ್ನ ಬಿ.ಇ. ಫೀಸು ಕಟ್ಟಿದ್ದು ಅದೇ ಹೊಲದಿಂದ ಹೆಚ್ಚು ಕೇಳಿದ್ದರಿಂದ. ಹೆಚ್ಚು ಕೇಳಿದ್ದೇ ತಪ್ಪು ಅಂತ ಆ ಫೀಸಿನಲ್ಲಿ ಓದಿದವನು ಹೇಳೋದು ಚೆನ್ನಾಗಿರಲ್ಲ.

ಇನ್ನು ಎಲೆ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಎಲ್ಲರೂ ಜಾರಿಬೀಳೋದು ಇಲ್ಲೇ.

ಗಿಡಕ್ಕೆ ಏನು ಕಮ್ಮಿಯಾಗಿದೆ ಅಂತ ಪತ್ತೆ ಮಾಡೋಕೆ ಮೊದಲು ನೋಡಬೇಕಾದ್ದು ಯಾವ ಬಣ್ಣ ಅಂತಲ್ಲ, ಯಾವ ಎಲೆ ಅಂತ. ಸಾರಜನಕ ಸಾಲದೇ ಬಂದರೆ ಕೆಳಗಿನ ಹಳೇ ಎಲೆ ಮೊದಲು ಹಳದಿಯಾಗುತ್ತೆ. ಗಿಡ ಆ ಎಲೆಯೊಳಗಿನ ಪ್ರೋಟೀನನ್ನ ಬಿಚ್ಚಿ, ಸಾರಜನಕವನ್ನ ತುದಿಯ ಚಿಗುರಿಗೆ ಸಾಗಿಸುತ್ತೆ. ರಂಜಕ, ಪೊಟ್ಯಾಷ್ ಕೂಡ ಹೀಗೇ. ಮೆಗ್ನೀಷಿಯಂ ಅಂತೂ ಹಸಿರು ಬಣ್ಣದ ನಡುಮನೆಯಲ್ಲೇ ಕೂತಿರೋದು, ಒಂದೊಂದು ಕ್ಲೋರೊಫಿಲ್ ಅಣುವಿನ ನಡುವೆ ಒಂದೊಂದು. ಅದೂ ಕಮ್ಮಿಬಿದ್ದರೆ ಹಳೇ ಎಲೆಯಿಂದಲೇ ಹೊರಡುತ್ತೆ, ನರಗಳು ಹಸಿರಾಗೇ ಉಳಿದು ನಡುವಿನ ಜಾಗ ಹಳದಿಯಾಗುತ್ತೆ. ಆದರೆ ಕಬ್ಬಿಣ, ಕ್ಯಾಲ್ಸಿಯಂ ಹಾಗಲ್ಲ, ಬೋರಾನ್ ಕೂಡ ಬಹಳ ಗಿಡಗಳಲ್ಲಿ ಹಾಗಲ್ಲ. ಅವು ಒಂದು ಸಲ ಎಲೆಯಲ್ಲಿ ಕೂತರೆ ಅಲ್ಲೇ. ಸುಣ್ಣದಂಶ ಹೆಚ್ಚಿರೋ ನೆಲದಲ್ಲಿ ಕಡಲೆಕಾಯಿ ಗಿಡದ ಚಿಗುರು ಬೆಳ್ಳಗೆ ಬಿಳುಚಿಕೊಂಡಿರುತ್ತೆ, ಕೆಳಗಿನ ಎಲೆ ಹಸಿರಾಗೇ ಇರುತ್ತೆ. ನೆಲದಲ್ಲಿ ಕಬ್ಬಿಣಕ್ಕೇನೂ ಬರ ಇರಲ್ಲ, ಆದರೆ ಅದು ನೀರಲ್ಲಿ ಕರಗಲ್ಲ, ಹಾಗಾಗಿ ಬೇರಿಗೆ ಸಿಗಲ್ಲ.

ಹಳೇ ಎಲೆ ತಾನು ಒಣಗಿ ಚಿಗುರಿಗೆ ಕೊಡುತ್ತೆ. ಇದನ್ನ ಕೇಳಿದ ಕೂಡಲೇ ಏನು ನೆನಪಾಗುತ್ತೆ ಹೇಳಿ? ಅಪ್ಪ-ಅಮ್ಮ. ತ್ಯಾಗ. ಮದರ್ಸ್ ಡೇಗೆ ಯಾರಾದರೂ ಇದನ್ನ ಹಳದಿ ಎಲೆಯ ಫೋಟೋ ಜೊತೆ ಹಾಕಿದರೆ ಸಾವಿರ ಲೈಕು ಗ್ಯಾರಂಟಿ. ನನಗೆ ಆ ಮಾತು ಇಷ್ಟವಾಗಲ್ಲ. ಎಲೆ ತ್ಯಾಗ ಮಾಡಲ್ಲ. ಎಲೆಯನ್ನ ಯಾರೂ ಕೇಳಿರಲ್ಲ, ಅದಕ್ಕೆ ಇಲ್ಲ ಅನ್ನೋ ದಾರಿ ಇರಲಿಲ್ಲ. ಇಲ್ಲ ಅನ್ನೋಕೆ ಆಗದವರು ಕೊಟ್ಟದ್ದನ್ನ ತ್ಯಾಗ ಅಂತ ಕರೆದರೆ, ತಗೊಂಡವರಿಗೆ ಸಮಾಧಾನ ಸಿಗುತ್ತೆ, ಅಷ್ಟೇ ಅದರ ಉಪಯೋಗ. ನಮ್ಮ ಮನೆಯಲ್ಲಿ ನಾನು ಓದಿದೆ, ಅಕ್ಕ ಎಸ್ಸೆಸ್ಸೆಲ್ಸಿಗೆ ನಿಂತಳು. ಇವತ್ತಿಗೂ ನೆಂಟರು "ತಮ್ಮನಿಗೋಸ್ಕರ ತ್ಯಾಗ ಮಾಡಿದಳು" ಅಂತಾರೆ. ಅಕ್ಕನನ್ನ ಯಾರೂ ಕೇಳಿರಲಿಲ್ಲ. ಅವಳು ನಗ್ತಾಳೆ, ಏನೂ ಅನ್ನಲ್ಲ.

ಗಿಡದ ಹತ್ತಿರ ನೀತಿ ಕಲಿಯೋಕೆ ಹೋಗೋದರಲ್ಲಿ ಇದೇ ಅಪಾಯ. ಚಿಗುರಿಗೆ ಮೊದಲ ಹಕ್ಕು ಅಂತ ಪ್ರಕೃತಿಯೇ ಹೇಳಿದೆ ಅಂದುಬಿಟ್ಟರೆ ಯಾರ ಪಾಲನ್ನ ಬೇಕಾದರೂ ಯಾರಿಗೆ ಬೇಕಾದರೂ ಎತ್ತಿಕೊಡಬಹುದು. ಅದೇ ಗಿಡ ಕಬ್ಬಿಣದ ವಿಷಯದಲ್ಲಿ ಚಿಗುರನ್ನ ಬಿಳುಚಿಕೊಳ್ಳೋಕೆ ಬಿಡುತ್ತೆ. ಅದೂ ನೀತಿಯಲ್ಲ, ಆ ಧಾತುವಿನ ಸ್ವಭಾವ. ಯಾವುದು ಸಾಗುತ್ತೆ, ಯಾವುದು ಸಾಗಲ್ಲ ಅನ್ನೋದಷ್ಟನ್ನೇ ಗಿಡ ಹೇಳೋದು. ಯಾರಿಂದ ತೆಗೀಬೇಕು ಅನ್ನೋದನ್ನ ನಾವು, ಉತ್ತರ ಕೊಡೋ ಬಾಯಿ ಇರೋರು, ಒಬ್ಬರನ್ನೊಬ್ಬರು ಕೇಳಿಕೊಂಡೇ ತೀರ್ಮಾನಿಸಬೇಕು.

ಸಾಗದೇ ಇರೋದರ ಒಂದು ಉದಾಹರಣೆ ನಮ್ಮ ಹೊಲದಲ್ಲೇ ಇತ್ತು. ಕಡಲೆಕಾಯಿ ಹೂ ಬಿಡೋದು ಮೇಲೆ, ಕಾಯಿ ಕಟ್ಟೋದು ಮಣ್ಣೊಳಗೆ. ಹೂವಿನ ಬುಡದಿಂದ ಸೂಜಿಯಂಥ ಒಂದು ಕಡ್ಡಿ ಕೆಳಗಿಳಿದು ನೆಲ ಹೊಗುತ್ತೆ, ಅದರ ತುದಿ ಕಾಯಾಗುತ್ತೆ. ಈಗ, ಕ್ಯಾಲ್ಸಿಯಂ ಗಿಡದೊಳಗೆ ಓಡಾಡೋದು ಬೇರಿನಿಂದ ಮೇಲೇರೋ ನೀರಿನ ಜೊತೆ. ಎಲ್ಲಿ ನೀರು ಆವಿಯಾಗುತ್ತೋ ಅಲ್ಲಿಗೆ, ಅಂದರೆ ಎಲೆಗೆ, ಹೋಗುತ್ತೆ. ಮಣ್ಣೊಳಗಿನ ಕಾಯಿಂದ ಆವಿಯಾಗೋದೇನಿದೆ? ಹಾಗಾಗಿ ಅಲ್ಲಿಗೆ ಹೋಗಲ್ಲ. ಮೇಲಿನಿಂದ ಇಳಿಯೋ ಸಕ್ಕರೆ ಕಾಯಿಗೆ ಸಿಗುತ್ತೆ, ಸುಣ್ಣ ಸಿಗಲ್ಲ. ತಾಯಿಗಿಡದ ಎಲೆಯಲ್ಲಿ ಕ್ಯಾಲ್ಸಿಯಂ ತುಂಬಿ ತುಳುಕ್ತಿದ್ದರೂ ಕಾಯಿ ತನ್ನ ಪಾಲನ್ನ ತನ್ನ ಸಿಪ್ಪೆಯ ಮೂಲಕ, ಸುತ್ತಲಿನ ಆ ಎರಡು-ಮೂರು ಇಂಚು ಮಣ್ಣಿನಿಂದಲೇ ಹೀರಬೇಕು. ಅಲ್ಲಿ ಇಲ್ಲದಿದ್ದರೆ ಸಿಪ್ಪೆ ಬೆಳೆಯುತ್ತೆ, ಒಳಗೆ ಬೀಜ ಇರಲ್ಲ. ಜೊಳ್ಳು.

ಅದಕ್ಕೇ ಕೃಷಿ ಇಲಾಖೆಯವರು ಹೂ ಬಿಡೋ ಹೊತ್ತಿಗೆ ಎಕರೆಗೆ 200 ಕೆಜಿ ಜಿಪ್ಸಂ ಗಿಡದ ಬುಡಕ್ಕೆ ಹಾಕಿ ಮಣ್ಣೇರಿಸಿ ಅಂತ ಹೇಳೋದು. ಜಿಪ್ಸಂನಲ್ಲಿ ಕ್ಯಾಲ್ಸಿಯಮ್ಮೂ ಇದೆ, ಗಂಧಕವೂ ಇದೆ. ರೇಟೂ ಹೆಚ್ಚಿಲ್ಲ. ಇಲ್ಲಿ ನೀವು ಕೇಳಬಹುದು: ಕೊನೆಗೂ ದುಡ್ಡೇ ಕೆಲಸಕ್ಕೆ ಬಂತಲ್ಲ, ಜಿಪ್ಸಂ ಕೊಂಡುಕೊಳ್ಳೋದು ದುಡ್ಡಿನಿಂದ ತಾನೆ? ನಿಜ. ದುಡ್ಡಿನ ಬಗ್ಗೆ ಮೂಗು ಮುರಿಯೋದು ದುಡ್ಡಿದ್ದವರ ಚಟ, ನನಗೆ ಬೇಡ. ಆದರೆ ದುಡ್ಡು ಜಿಪ್ಸಂ ಆಗೋಕೆ ಮುಂಚೆ ಯಾರೋ ಒಬ್ಬರು ಗಿಡ ಕಿತ್ತು, ಕಾಯಿ ಒಡೆದು, ಜೊಳ್ಳು ಅಂತ ನೋಡಿ, ಯಾಕೆ ಅಂತ ಕೇಳಬೇಕು. ದುಡ್ಡು ತಾನಾಗಿ ನೋಡಲ್ಲ. ನಾಲ್ಕು ವರ್ಷ ನನ್ನ ದುಡ್ಡು ಯೂರಿಯಾ ಆಗಿದ್ದು ಹೀಗೆ: ಯಾವುದು ಸುಲಭಕ್ಕೆ ಸಿಗುತ್ತೋ ಅದಾಗಿಬಿಡುತ್ತೆ.

ಇಲ್ಲಿಯವರೆಗೆ ಹೇಳಿದ್ದು ಕೊಡೋದರ ಬಗ್ಗೆ. ನಾವು ಒಯ್ಯೋದರ ಬಗ್ಗೆ ಇನ್ನೂ ಹೇಳಿಲ್ಲ.

ಒಂದು ಕ್ವಿಂಟಲ್ ಕಡಲೆಬೀಜದಲ್ಲಿ ಸುಮಾರು 700 ಗ್ರಾಂ ಪೊಟ್ಯಾಷಿಯಂ, 370 ಗ್ರಾಂ ರಂಜಕ, ಮೂರು ಗ್ರಾಂ ಚಿಲ್ಲರೆ ಸತು ಇರುತ್ತೆ. ಸಾರಜನಕ ನಾಲ್ಕು ಕೆಜಿ ಇದ್ದರೂ ಅದರಲ್ಲಿ ಹೆಚ್ಚಿನದನ್ನ ಬೇರಿನ ಗಂಟಿನ ಬ್ಯಾಕ್ಟೀರಿಯಾ ಗಾಳಿಯಿಂದಲೇ ಹಿಡಿದಿರುತ್ತೆ, ಅದು ಪುಕ್ಕಟೆ. ಉಳಿದದ್ದು ಪುಕ್ಕಟೆ ಅಲ್ಲ, ಬಂಡೆ ಕರಗಿ ಬಂದದ್ದು. ಲಾರಿ ಮಂಡಿ ದಾಟಿದಾಗ ಅದೂ ದಾಟುತ್ತೆ.

ಈಗ ಎಣ್ಣೆ ನೋಡಿ. ಎಣ್ಣೆ ಅಂದರೆ ಇಂಗಾಲ, ಜಲಜನಕ, ಆಮ್ಲಜನಕ. ಮೂರೂ ಗಾಳಿ-ನೀರಿನದ್ದೇ. ಗಾಣದಲ್ಲಿ ಹಿಂಡಿದಾಗ ಬೀಜದ ಖನಿಜವೆಲ್ಲ ಹೆಚ್ಚುಕಮ್ಮಿ ಹಿಂಡಿಯಲ್ಲೇ ಉಳಿಯುತ್ತೆ. ಎಣ್ಣೆ ಮಾರಿ ಹಿಂಡಿಯನ್ನ ಮನೆಗೆ ತಂದು, ದನಕ್ಕೆ ತಿನ್ನಿಸಿ, ಸಗಣಿಯನ್ನ ಹೊಲಕ್ಕೆ ಹಾಕಿದ ರೈತ ಪೇಟೆಗೆ ಮಾರಿದ್ದು ಗಾಳಿಯನ್ನ! ನೆಲದ ಗಂಟು ಬಹುಪಾಲು ನೆಲದಲ್ಲೇ ಉಳೀತು. ಸಕ್ಕರೆಯೂ ಹೀಗೇ, ಅದರಲ್ಲೂ ಮಣ್ಣಿನ ಪಾಲಿಲ್ಲ. ನಾನು ಇದನ್ನ ಮೊದಲ ಸಲ ಓದಿದಾಗ ಎದ್ದು ಬಾಲ್ಕನಿಗೆ ಹೋಗಿ ನಿಂತುಬಿಟ್ಟೆ. ಹಿಂಡಿ ವಾಪಸ್ ತರೋದನ್ನ ನಮ್ಮ ಕಡೆಯವರು ಯಾವ ಸಿದ್ಧಾಂತಕ್ಕೂ ಮಾಡ್ತಿರಲಿಲ್ಲ, ದನ ಇತ್ತು, ಅದಕ್ಕೆ ಮಾಡ್ತಿದ್ದರು. ಈಗ ದನ ಇಲ್ಲ. ಕಾಯಿ ಇಡೀ ಮೂಟೆಯಲ್ಲೇ ಹೋಗುತ್ತೆ.

ಹೋಗೋದೆಲ್ಲಿಗೆ? ನಾನು ಕೂತಿರೋ ಜಾಗಕ್ಕೆ. ಬೆಳೆದು ನಿಂತ ಮನುಷ್ಯನ ಮೈ ಖನಿಜವನ್ನ ಕೂಡಿಡೋದು ಬಹಳ ಕಮ್ಮಿ. ತಿಂದ ಪೊಟ್ಯಾಷ್, ರಂಜಕ ಹೆಚ್ಚಿನದೆಲ್ಲ ಒಂದೆರಡು ದಿನದಲ್ಲಿ ಟಾಯ್ಲೆಟ್ಟಿಗೆ. ಅಲ್ಲಿಂದ ರಾಜಕಾಲುವೆ, ಅಲ್ಲಿಂದ ಬೆಳ್ಳಂದೂರು, ವರ್ತೂರು. ಟಿವಿಯಲ್ಲಿ ತೋರಿಸೋ ನೊರೆ ಸೋಪಿನದ್ದು, ಆದರೆ ಕೆರೆ ಮುಚ್ಚಿಕೊಂಡು ಬೆಳೆಯೋ ಅಂತರಗಂಗೆ ಮೇಯೋದು ಈ ಖನಿಜವನ್ನೇ. ಅಂದರೆ ಊರ ಹೊಲದಲ್ಲಿ ಕೊರತೆಯಾಗಿರೋದು ಇಲ್ಲಿನ ಕೆರೆಯಲ್ಲಿ ಕಾಯಿಲೆಯಾಗಿದೆ. ಲೀಬಿಗ್ ಇದನ್ನ ಲಂಡನ್ ವಿಷಯದಲ್ಲಿ ಹೇಳಿ ಹೇಳಿ ಸುಸ್ತಾದ. ಊರಿನ ಸಾರವನ್ನೆಲ್ಲ ಥೇಮ್ಸ್ ನದಿಗೆ ಬಿಟ್ಟು ಆಮೇಲೆ ಇಂಗ್ಲೆಂಡ್ ಲೈಪ್‌ಜಿಗ್, ವಾಟರ್ಲೂ, ಕ್ರೈಮಿಯಾದ ರಣರಂಗಗಳ ಎಲುಬನ್ನ ಗೊಬ್ಬರಕ್ಕೆ ಅಗೆದು ತರ್ತಿದೆ ಅಂತ ಹರಿಹಾಯ್ದ.

ಹಾಗಾದರೆ ವಾಪಸ್ ಕೊಟ್ಟರಾಯ್ತು? ಬೆಂಗಳೂರಿನ ಸುತ್ತಮುತ್ತ ಹನಿಸಕ್ಕರ್ ಲಾರಿಗಳು ಪಿಟ್ಟಿನ ಸರಕನ್ನ ತೋಟಗಳಿಗೆ ಒಯ್ದು ಹಾಕೋದು ಬಹಳ ವರ್ಷದಿಂದ ನಡೆದಿದೆ. 2018ರಿಂದ ಕೆಸಿ ವ್ಯಾಲಿ ಯೋಜನೆಯಲ್ಲಿ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಹೋಗ್ತಿದೆ. ಎಷ್ಟು ಸಂಸ್ಕರಿಸಿದರೆ ಸಾಕು ಅನ್ನೋ ಜಗಳ ಕೋರ್ಟಿನವರೆಗೂ ಹೋಯ್ತು. ಆ ಜಗಳ ನ್ಯಾಯವಾದದ್ದೇ: ರಂಜಕ ಕೊಡ್ತೀನಿ ಅಂತ ಕಾರ್ಖಾನೆಯ ವಿಷವನ್ನೂ ಜೊತೆಗೆ ಕೊಟ್ಟರೆ ಅದು ಋಣ ತೀರಿಸೋದಲ್ಲ. ಅದಕ್ಕಿಂತ ಕಷ್ಟದ ಮಾತು ಇನ್ನೊಂದಿದೆ. ಹಿಂದೆ ಸಾರ ನೆಲಕ್ಕೆ ತಿರುಗಿ ಹೋಗ್ತಿತ್ತು, ಚಕ್ರ ಪೂರ್ತಿಯಾಗ್ತಿತ್ತು ಅಂತ ಹೊಗಳ್ತೀವಲ್ಲ, ಆ ಚಕ್ರವನ್ನ ತಿರುಗಿಸಿದ ಕೈ ಯಾರದ್ದು? ಪಟ್ಟಣಗಳಲ್ಲಿ ಮಲ ಹೊತ್ತವರು ಯಾವ ಜಾತಿಯವರು ಅಂತ ಎಲ್ಲರಿಗೂ ಗೊತ್ತು, ಅದನ್ನ ಬಿಗಿಯಾಗಿ ನಿಷೇಧಿಸೋಕೆ 2013ರಲ್ಲಿ ಮತ್ತೊಂದು ಕಾನೂನು ಬೇಕಾಯ್ತು, ಇವತ್ತಿಗೂ ಮ್ಯಾನ್‌ಹೋಲಿನಲ್ಲಿ ಜನ ಸಾಯ್ತಿದ್ದಾರೆ. ಊರಲ್ಲಿ ತಿಪ್ಪೆಗೊಬ್ಬರ ತಲೆ ಮೇಲೆ ಹೊತ್ತವರು ಅಜ್ಜಿ, ಅಮ್ಮ, ಕೂಲಿಯ ಹೆಂಗಸರು. ಮಣ್ಣಿನ ಲೆಕ್ಕ ಸರಿಹೋಗಿದ್ದು ಇವರ ಲೆಕ್ಕ ಬಿಟ್ಟಿದ್ದರಿಂದ. ಅದಕ್ಕೇ 'ಹಳೇ ಪದ್ಧತಿಗೆ ಮರಳೋಣ' ಅನ್ನೋ ಭಾಷಣ ಕೇಳಿದಾಗ ನನಗೆ ಭಾಷಣಕಾರರ ತಲೆ ಮೇಲೆ ಒಂದು ಪುಟ್ಟಿ ಇಟ್ಟು ನೋಡೋಣ ಅನ್ಸುತ್ತೆ.

ಅಪ್ಪನ ಹತ್ತಿರ ಹಿಂಡಿ ವಿಷಯ ಎತ್ತಿದ್ದೆ. ಕಾಯಿ ಮಂಡಿಗೆ ಹಾಕೋದು ಬೇಡ, ಗಾಣದಲ್ಲಿ ಎಣ್ಣೆ ಬಿಡಿಸೋಣ, ಹಿಂಡಿ ಮನೆಗೆ ತರೋಣ, ಎರಡು ಹಸು ಕಟ್ಟೋಣ ಅಂದೆ. ಅಪ್ಪ ಪೂರ್ತಿ ಕೇಳಿಸಿಕೊಂಡರು. "ಕಟ್ಟಾನ. ಬೆಳಗ್ಗೆ ಐದಕ್ಕೆ ಎದ್ದು ಹಾಲು ಕರಿಯಾರು ಯಾರು, ನಿಮ್ಮವ್ವನಾ?" ಅಂದರು. ಅಮ್ಮನಿಗೆ ಮಂಡಿನೋವು. ಆ ಮಾತು ಅಲ್ಲಿಗೆ ನಿಂತಿದೆ.

ಜಿಪ್ಸಂ ಮಾತ್ರ ಈ ಸಲ ಬಂದಿದೆ. ಎರಡು ಎಕರೆಗೆ 400 ಕೆಜಿ, ಎಂಟು ಮೂಟೆ, ಜಗುಲಿಯಲ್ಲಿ ಜೋಡಿಸಿದ್ದಾರೆ, ಫೋಟೋ ಕಳಿಸಿದ್ದರು. ಬಿತ್ತಿ ಎರಡು ವಾರ ಆಯ್ತು, ಹೂವಿಗೆ ಇನ್ನೂ ಎರಡು ವಾರ ಇದೆ. ಸಾಲಿನ ಬುಡಕ್ಕೆ ಹಾಕಿ ಮಣ್ಣೇರಿಸೋಕೆ ನಾಲ್ಕು ಆಳು ಬೇಕಂತೆ. ಊರಲ್ಲಿ ಆಳು ಸಿಗ್ತಿಲ್ಲ, ಹುಡುಗರೆಲ್ಲ ಬೆಂಗಳೂರಲ್ಲಿದ್ದಾರೆ. ಕೂಲಿ ಹೆಚ್ಚು ಕೊಡಿ, ನಾನು ಕಳಿಸ್ತೀನಿ ಅಂದೆ. ದುಡ್ಡಿನ ಮಾತಲ್ಲ ಅಂದರು ಅಪ್ಪ. ರಜೆ ಅಪ್ರೂವಲ್ಲಿಗೆ ಹಾಕಿದ್ದೀನಿ, ರಿಲೀಸ್ ಇರೋ ವಾರ.